ಸಕ್ಕರೆಯಿಲ್ಲದ ಸಂಕ್ರಾಂತಿ

ಜನವರಿ ೬, ಸೋಮವಾರ. ಬನಹಟ್ಟಿ

ಬೆಳಿಗ್ಗೆ ಫ್ರಿಜ್ ವಿಷಯಕ್ಕೆ ಅವ್ವನ ಜೊತೆ ಮತ್ತೆ ಜಗಳ. ಕೆನೆ ಪಾತ್ರೆ ಸ್ವಲ್ಪ ಆಚೆ ಸರಿಸಿದ್ದೆ, ಅಷ್ಟೇ. ಉಚ್ಚೆ ಬಾಟಲಿಗೆ ಜಾಗ ಮಾಡುತ್ತಿದ್ದೇನೆ ಅಂತ ಆಕೆಗೆ ಗೊತ್ತಾಗಿಬಿಟ್ಟಿತು. ಮನೆಯೊಳಗೆ ಎರಡು ಪವರ್‌ಲೂಮ್ ಖಟಖಟ ಅನ್ನುತ್ತಿದ್ದರೂ ಇಲ್ಲಿ ನನ್ನ ಗುಟ್ಟು ಉಳಿಯುವುದಿಲ್ಲ. ಮಂದಿಯ ಮಕ್ಕಳು ಓದಿ ನೌಕರಿ ಹಿಡಿದರು, ನಮ್ಮವಳು ಏಳು ವರ್ಷ ಓದಿ ಮಂದಿಯ ಉಚ್ಚೆ ಕೂಡಿಸುತ್ತಾಳೆ ಅಂತ ಓಣಿಗೆಲ್ಲ ಕೇಳುವಂತೆ ಅಂದಳು. ಏಳಲ್ಲ. ಆರು.

ನನ್ನ ಪಿಎಚ್‌ಡಿ ವಿಷಯ ಹೇಳಿ ಮುಗಿಸಲು ಒಂದು ಉಸಿರು ಸಾಲದು. ಕಬ್ಬಿಗೆ ಸುರಿಯುವ ಗೊಬ್ಬರ, ಅದು ಇಳಿದು ಸೇರುವ ಬೋರ್ ನೀರು, ಆ ನೀರು ಕುಡಿಯುವವರ ಕಿಡ್ನಿ, ಎಲ್ಲ ಹೀಗೇ ನಡೆದರೆ ಮುಂದೇನು ಅನ್ನುವ ಸುಸ್ಥಿರತೆ. ಮೂರು ವಿಭಾಗ, ಮೂವರು ಕಮಿಟಿ ಮೆಂಬರ್. ವೈದ್ಯಕೀಯದವರು ಇದು ಪರಿಸರದ್ದು ಅನ್ನುತ್ತಾರೆ. ಪರಿಸರದವರು ವೈದ್ಯಕೀಯದ್ದು ಅನ್ನುತ್ತಾರೆ. ಸುಸ್ಥಿರತೆಯವರು ಬಾಣದ ಗುರುತಿರುವ ಒಂದು ಹಸಿರು ಚಿತ್ರ ಹಾಕಮ್ಮ ಸಾಕು ಅನ್ನುತ್ತಾರೆ. ಗೈಡ್ ನೀಲಕಂಠ ಸರ್ ಮೂವರಿಗೂ ಹೂಂ ಅನ್ನುತ್ತಾರೆ. ಮಾರ್ಚ್‌ಗೆ ಕೊನೆಯ ಎಕ್ಸ್‌ಟೆನ್ಶನ್ ಮುಗಿಯುತ್ತದೆ. ಆಮೇಲೆ ರಿಜಿಸ್ಟ್ರೇಶನ್ನೇ ರದ್ದು.

ನೀರಿನ ಸ್ಯಾಂಪಲ್ ಆಗಿದೆ. ಮಣ್ಣಿನದೂ ಆಗಿದೆ. ಉಳಿದದ್ದು ಮನುಷ್ಯರದು. ಹುನ್ನೂರಿನಾಚೆ ಒಂದು ತೋಟದ ವಸ್ತಿ ಹಿಡಿದಿದ್ದೇನೆ — ಹೊಲದ ನಡುವೆ ಏಳೆಂಟು ಮನೆ, ಕುರಿ, ಎಮ್ಮೆ, ಕಬ್ಬು. ಎಲ್ಲರೂ ಬೀರೇಶ್ವರನ ಒಕ್ಕಲು, ಎಲ್ಲರೂ ಒಂದೇ ಬೋರಿನ ನೀರು ಕುಡಿಯುವವರು. ಸಂಶೋಧನೆಗೆ ಹೇಳಿ ಮಾಡಿಸಿದ ಜಾಗ. ಮೂರು ಸಲ ಹೋದೆ. ಬೆಲ್ಲದ ಚಹಾ ಕೊಟ್ಟರು, ಬಿಸಿ ರೊಟ್ಟಿ ಕುಟ್ಟಿದ ಮುಟಗಿ ಕೊಟ್ಟರು, ಬಾಟಲಿ ಮಾತ್ರ ಖಾಲಿಯೇ ವಾಪಸ್ ಕೊಟ್ಟರು. ಗಂಡಸರು ನಗುತ್ತಾರೆ. ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಾರೆ.

ನಿನ್ನೆ ಲಗಮವ್ವ ಆಯಿ ನನ್ನ ಉದ್ಧಾರ ಮಾಡಿದಳು. ವಸ್ತಿಗೆಲ್ಲ ಹಿರಿಯಳು. ಡೇರಿಗೆ ಹೋಗುವ ಹಾಲು ಆಕೆಯ ಅಂಗಳದಲ್ಲೇ ಕೂಡುತ್ತದೆ. ಬಾಟಲಿ ಚೀಲ ನನ್ನ ಕೈಯಿಂದ ಕಸಿದುಕೊಂಡು, ನೀನು ಇಲ್ಲಿ ಕಾಯುತ್ತ ನಿಂತರೆ ಯಾರು ಕೊಡುತ್ತಾರೆ, ಬುಧವಾರ ಬಾ, ನಾನು ಕೂಡಿಸಿ ಇಡುತ್ತೇನೆ ಅಂದಳು. ದಿನಾ ಹಾಲು ಕೂಡಿಸುವವಳಿಗೆ ಇದೇನು ದೊಡ್ಡದು.

ಜನವರಿ ೮, ಬುಧವಾರ

ಮೂವತ್ತಾರಕ್ಕೆ ಮೂವತ್ತಾರು! ಕಂಠಮಟ್ಟ ತುಂಬಿದ ಬಾಟಲಿಗಳು, ಕಟ್ಟೆಯ ಮೇಲೆ ಸಾಲಾಗಿ. ಪ್ರತಿ ಮುಚ್ಚಳದ ಮೇಲೂ ಚಿಟಿಕೆ ಭಂಡಾರ, ಬೀರೇಶ್ವರನ ಅರಿಶಿನ. ಎಂಟು ವರ್ಷದ ಹುಡುಗಿಯಿಂದ ಎಂಬತ್ತರ ಮುದುಕನವರೆಗೆ ಹೆಸರಿನ ಚೀಟಿ ಒಂದೂ ತಪ್ಪಿಲ್ಲ. ಭಂಡಾರ ಒರೆಸಲು ಹೋದೆ. ಆಯಿ ನೋಡಿದ ನೋಟಕ್ಕೆ ಅರ್ಧ ಬಿಟ್ಟೇ ಒರೆಸಿದೆ.

ಬಾಕ್ಸ್ ಹೊತ್ತು ತಂದು ಸ್ಕೂಟಿಗೆ ಕಟ್ಟಿಕೊಟ್ಟವನು ಹೊಳೆಪ್ಪ. ಆಯಿಯ ಮೈದುನನ ಮಗ, ವಸ್ತಿಯ ಹೆಮ್ಮೆ. ಬೀರೇಶ್ವರನ ಗುಡಿಯ ಮುಂದಿನ ಗುಂಡುಕಲ್ಲನ್ನು ಹೆಗಲಿಗೇರಿಸುವವನು ಸುತ್ತ ನಾಲ್ಕೂರಿನಲ್ಲಿ ಇವನೊಬ್ಬನೇ. ನಲವತ್ತೈದು ದಾಟಿದೆ, ಇನ್ನೂ ಎತ್ತುತ್ತಾನೆ. ನನ್ನ ಬಾಕ್ಸನ್ನು ಒಂದೇ ಕೈಯಲ್ಲಿ ಎತ್ತಿದ. ಆಮೇಲೆ ಒಂದು ತಂಬಿಗೆ ನೀರು ಗಟಗಟ ಕುಡಿದು ಇನ್ನೊಂದು ಕೇಳಿದ. ಎಲ್ಲರೂ ಇಷ್ಟು ಗಟ್ಟಿಯಾಗಿದ್ದರೆ ನನ್ನ ಥೀಸಿಸ್ ಗತಿಯೇನು ಅಂತ ಒಂದು ಕ್ಷಣ ಚಿಂತೆಯಾಯಿತು. ಪಾಪಿ ನಾನು.

ಪ್ರತಿ ಬಾಟಲಿಯಿಂದ ಅರ್ಧ ಜಮಖಂಡಿಯ ಲ್ಯಾಬಿಗೆ. ಉಳಿದರ್ಧ ಅವ್ವನ ಫ್ರಿಜ್ಜಿಗೆ, ಅವ್ವ ಗುಡಿಗೆ ಹೋಗಿದ್ದಾಗ.

ಜನವರಿ ೧೦, ಶುಕ್ರವಾರ. ಮಧ್ಯಾಹ್ನ

ಬಾಟಲಿಗಳಿಗೆ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಲು ಕೂತೆ. ಬಣ್ಣ ಬದಲಾದರೆ ರೋಗ, ಬದಲಾಗದಿದ್ದರೆ ಇಲ್ಲ. ಮೊದಲ ಬಾಟಲಿ — ಸಕ್ಕರೆ ಮೇಲಿನ ಗೆರೆ ಮುಟ್ಟಿದೆ, ಪ್ರೋಟೀನೂ ಇದೆ. ಅಂದರೆ ಡಯಾಬಿಟಿಸ್ ಹದ್ದು ಮೀರಿದೆ, ಕಿಡ್ನಿಗೂ ಏಟು ಬೀಳುತ್ತಿದೆ. ಪಾಪ ಅಂದುಕೊಂಡೆ. ಎರಡನೆಯದು, ಅದೇ ಬಣ್ಣ. ಮೂರನೆಯದು, ಅದೇ. ಎಂಟು ವರ್ಷದ ಹುಡುಗಿಯ ಬಾಟಲಿಗೆ ಎರಡು ಸಲ ಅದ್ದಿದೆ. ಅದೂ ಅದೇ.

ಪಟ್ಟಿಯೇ ಕೆಟ್ಟಿರಬೇಕು ಅಂತ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ. ನನ್ನದು ಸರಿ ಇದೆ. ಪಟ್ಟಿಯೂ ಸರಿ ಇದೆ. ಹಾಗಾದರೆ... ಇಡೀ ವಸ್ತಿಗೆ?

ಅದೇ ದಿನ, ಸಂಜೆ

ಸರ್‌ಗೆ ಫೋನ್ ಮಾಡಿದೆ. ನೂರಕ್ಕೆ ನೂರಾ ಅಂತ ಕೇಳಿದರು. ನೂರಕ್ಕೆ ನೂರು ಅಂದೆ. ಇದು ಥೀಸಿಸ್ ಅಲ್ಲ ನೇತ್ರಾ, ಡಿಸ್ಕವರಿ ಅಂದರು. ಮುಂದಿನ ವಾರದ ಸೆಮಿನಾರಿನಲ್ಲಿ ಹೇಳಿಯೇಬಿಡುತ್ತಾರಂತೆ. ಆರು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ತಪ್ಪಿಲ್ಲದೆ ಹೇಳಿದರು.

ಖುಷಿಯಾಯಿತು. ಬರೆದುಕೊಳ್ಳಲು ನಾಚಿಕೆ, ಆದರೆ ಆಯಿತು. ಆ ಹುಡುಗಿಯ ಮುಖ ನೆನಪಾಗಿ ಸರ್ರನೆ ಇಳಿಯಿತು. ಲ್ಯಾಬಿನ ರಿಪೋರ್ಟ್ ಬರುವವರೆಗೆ ಕಾಯುವುದು ಆಗದ ಮಾತು. ನಾಳೆಯೇ ಹೋಗಿ ಹೇಳಬೇಕು.

ಜನವರಿ ೧೧, ಶನಿವಾರ

ಆಯಿಯ ಅಂಗಳದಲ್ಲಿ ಎಲ್ಲರೂ ಕೂತರು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋಗಿದ್ದೆ. ನಿಮ್ಮ ಸ್ಯಾಂಪಲಿನಲ್ಲಿ ಸಕ್ಕರೆ ಬಂದಿದೆ ಅಂತ ಮೆಲ್ಲಗೆ ಹೇಳಿದೆ. ಎಲ್ಲರ ಮುಖ ಅರಳಿತು. ಒಬ್ಬಾತ ಎಷ್ಟು ಪರ್ಸೆಂಟ್ ಅಂತ ಕೇಳಿದ. ಇಲ್ಲಿ ಫ್ಯಾಕ್ಟರಿಯವರು ಕಬ್ಬು ಹಿಂಡಿ ಸಕ್ಕರೆ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಹೆಚ್ಚು ಬಂದ ಊರಿಗೆ ಮರ್ಯಾದೆ ಹೆಚ್ಚು. ಇದು ಆ ಸಕ್ಕರೆ ಅಲ್ಲ, ರೋಗ ಅಂತ ನಾಲ್ಕು ಸಲ ಬಿಡಿಸಿ ಹೇಳಬೇಕಾಯಿತು.

ತಿಳಿದ ಮೇಲೆ ಯಾರೂ ಅಳಲಿಲ್ಲ, ಪ್ರಶ್ನೆ ಕೇಳಲಿಲ್ಲ. ಎಲ್ಲರೂ ಹೊಳೆಪ್ಪನ ಕಡೆ ನೋಡಿದರು. ಅವನು ನೆಲ ನೋಡಿದ. ಗಟ್ಟಿಗ ಅವನು, ಧೈರ್ಯ ಹೇಳಲಿ ಅಂತಲೇನೋ. ಕೊನೆಗೆ ಎದ್ದದ್ದು ಆಯಿ.

"ನಾಳಿಂದ ಯಾರ ಮನ್ಯಾಗೂ ಚಾಕ್ಕ ಸಕ್ಕರಿ ಇಲ್ಲ, ಬೆಲ್ಲಾ ಇಲ್ಲ. ಸಣ್ಣವ್ರು ದೊಡ್ಡವ್ರು ಅನ್ನಂಗಿಲ್ಲ. ಎಲ್ಲಾರಿಗೂ ಐತಿ ಅಂದಮ್ಯಾಲ ಎಲ್ಲಾರೂ ಬಿಡೂಣು."

ತಲೆ ಅಲ್ಲಾಡಿಸಿದರು, ಒಬ್ಬರೂ ಎದುರು ಮಾತಾಡದೆ. ಇಷ್ಟು ವಿಧೇಯ ಜನರನ್ನು ನಾನು ಕಂಡಿಲ್ಲ. ಜಮಖಂಡಿಗೆ ಹೋಗಿ ರಕ್ತ ತೋರಿಸಿ ಅಂದರೆ ಮಾತ್ರ ಹಬ್ಬ ಮುಗಿಯಲಿ ಅಂದರು. ಹೊರಡುವಾಗ ಆಯಿ ನನ್ನ ಕೈ ಹಿಡಿದು, ಇದಕ್ಕೆ ಗುಳಿಗೆ ಇರುತ್ತದಾ ಅಂತ ಕೇಳಿದಳು. ಇರುತ್ತದೆ ಅಂದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೊಡುತ್ತಾರಾ ಅಂತ ಕೇಳಿದಳು. ಎಂಥ ಪ್ರಶ್ನೆಯಪ್ಪಾ.

ಜನವರಿ ೧೪, ಮಂಗಳವಾರ. ಸಂಕ್ರಾಂತಿ

ಹಬ್ಬದ ದಿನ ಹೋಗಬಾರದಿತ್ತು. ಪಕ್ಕದ ತೋಟದ ಗಾಣದಿಂದ ಬಿಸಿ ಬೆಲ್ಲದ ವಾಸನೆ ಇಡೀ ವಸ್ತಿಗೆ ತುಂಬಿತ್ತು. ಮಕ್ಕಳೆಲ್ಲ ಬೇಲಿಗೆ ಮೂಗು ಹಚ್ಚಿ ನಿಂತಿದ್ದವು. ಎಳ್ಳುಬೆಲ್ಲ ಕೈಗಿಟ್ಟು ನಗುತ್ತ ಮಾತಾಡಿಸುವ ಹಬ್ಬ; ಬರೀ ಎಳ್ಳು ಕೈಗಿಟ್ಟದ್ದಕ್ಕೋ ಏನೋ ಯಾರೂ ನಗಲಿಲ್ಲ. ಎಂಟು ವರ್ಷದ ಹುಡುಗಿ ಎಳ್ಳನ್ನು ಅಗಿದು, ಇದು ಎಣ್ಣೆ ಹಿಂಡುವುದಕ್ಕೆ ಇಟ್ಟದ್ದಲ್ಲವಾ ಅಂತ ನನ್ನನ್ನೇ ಕೇಳಿದಳು.

ಚಹಾ ಬಂತು. ಸಪ್ಪೆ. ದೊಡ್ಡವರೆಲ್ಲ ಔಷಧಿ ಕುಡಿದ ಹಾಗೆ ಕಣ್ಣು ಮುಚ್ಚಿ ಕುಡಿದರು. ಕುಡಿದು ಹೊಳೆಪ್ಪನ ಕಪ್ ನೋಡಿದರು. ಅವನದೂ ಖಾಲಿ ಆಗಿತ್ತು. ಆಯಿ ನಿಟ್ಟುಸಿರು ಬಿಟ್ಟಳು. ಹೊಳೆಪ್ಪ ಮಕ್ಕಳ ಕಡೆ ನೋಡಿದವನು ಎದ್ದು ಕಬ್ಬಿನ ಹಿಂದೆ ಹೋದ. ಬಹಳ ಹೊತ್ತು ಬರಲಿಲ್ಲ.

ಅವ್ವ ಡಬ್ಬಿ ತುಂಬ ಸಕ್ಕರೆ ಸುತ್ತಿದ ಕುಸುರೆಳ್ಳು ಕಳಿಸಿದ್ದಳು, ವಸ್ತಿಯವರಿಗೆ ಅಂತ. ಮುಚ್ಚಳ ತೆಗೆಯದೆ ವಾಪಸ್ ತಂದೆ. ಹುನ್ನೂರು ದಾಟಿದ ಮೇಲೆ ಸ್ಕೂಟಿ ನಿಲ್ಲಿಸಿ ಎಲ್ಲವನ್ನೂ ನಾನೇ ತಿಂದೆ. ತಿನ್ನುವಾಗ ಅಳು ಬಂತು. ಆದರೂ ತಿಂದೆ.

ಜನವರಿ ೧೬, ಗುರುವಾರ

ಲ್ಯಾಬಿನವನ ಫೋನ್. ದನಿಯಲ್ಲಿ ವಿಪರೀತ ಮರ್ಯಾದೆ. ಪಿಎಚ್‌ಡಿ ನಿಮ್ಮದು ಮೇಡಮ್, ನಾವು ಅನ್ನುವಂಥದ್ದು ಏನಿಲ್ಲ, ಆದರೆ ಒಬ್ಬರದನ್ನೇ ಎಲ್ಲ ಬಾಟಲಿಗೂ ಹಾಕಿ ಕೊಟ್ಟರೆ ನಮ್ಮ ಮಷಿನ್ನಿಗೆ ತಿಳಿಯುತ್ತದೆ ಅಂದ. ಮುದುಕ, ಹುಡುಗಿ, ಬಸುರಿ — ಎಲ್ಲರದೂ ಅದೇ ಅಂಕಿ, ಪಾಯಿಂಟಿನ ಆಚೆಗೂ ಅದೇ. ನಾನು ಕಳ್ಳಿ ಅನ್ನುವುದೊಂದನ್ನು ಬಿಟ್ಟು ಎಲ್ಲ ಅಂದ.

ಮೊದಲು ಸಿಟ್ಟು ಬಂತು. ಆರು ವರ್ಷ, ಮೂರು ವಿಭಾಗ, ಒಂದು ಫ್ರಿಜ್ಜು — ಎಲ್ಲ ಮಣ್ಣುಪಾಲು. ಸಿಟ್ಟು ಇಳಿದ ಮೇಲೆ ಹೆದರಿಕೆ ಬಂತು. ಮೂವತ್ತೈದು ಜನರಿಗೆ ಏನಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಒಬ್ಬರಿಗೆ ಇರುವುದು ಖರೆ. ಅಷ್ಟು ಸಕ್ಕರೆ, ಅಷ್ಟು ಪ್ರೋಟೀನ್ ಇಟ್ಟುಕೊಂಡು ಆ ಒಬ್ಬರು ಎಲ್ಲಿಯೋ ಆರಾಮಾಗಿ ತಿರುಗುತ್ತಿದ್ದಾರೆ. ಯಾರು?

ನಾಳೆ ಸರ್ ಸೆಮಿನಾರ್. ಫೋನ್ ಎತ್ತುತ್ತಿಲ್ಲ.

ಜನವರಿ ೧೭, ಶುಕ್ರವಾರ

ಆಯಿಯನ್ನು ಎಮ್ಮೆ ಕೊಟ್ಟಿಗೆಯಲ್ಲಿ ಹಿಡಿದೆ. ಯಾರದು ಅಂತ ಕೇಳಿದೆ. ಸ್ವಲ್ಪ ಹೊತ್ತು ಎಮ್ಮೆ ಬೆನ್ನು ತಿಕ್ಕಿದಳು. ಸುಳ್ಳು ಹೇಳುವವಳ ಮುಖ ಅಲ್ಲ, ತಾನು ಮಾಡಿದ್ದರಲ್ಲಿ ತಪ್ಪೇನು ಅಂತ ತಿಳಿಯದವಳ ಮುಖ.

"ಡೇರ್ಯಾವ್ರು ಸ್ಯಾಂಪಲ್ ತಗೊಳಾಕ ಬಂದ್ರ ಬಡಕ ಎಮ್ಮಿ ಹಾಲು ಯಾರರ ಕೊಡ್ತಾರೇನ ಯವ್ವಾ? ಛಲೋ ಎಮ್ಮೀದ ಕೊಡ್ತೇವಿ. ಫ್ಯಾಟ್ ಬರಬೇಕಲಾ. ನಮ್ಮ ವಸ್ತ್ಯಾಗ ಛಲೋದು ಅಂದ್ರ ಹೊಳೆಪ್ಪಂದ."

ದೊಡ್ಡ ಮೈಗೆ ದೊಡ್ಡ ಸ್ಯಾಂಪಲ್ ಬೇಕಂತೆ ಅಂತ ಹೇಳಿ ಅವನಿಗೊಂದು ಎಣ್ಣೆ ಡಬ್ಬಿ ಕೊಟ್ಟಿದ್ದಾರೆ. ಬೆಳಗಾಗುವಷ್ಟರಲ್ಲಿ ತುಂಬಿಸಿಟ್ಟನಂತೆ. ಹೆಂಗಸರೆಲ್ಲ ಡಬ್ಬಿ ನೋಡಿ ಮೂಗಿನ ಮೇಲೆ ಬೆರಳಿಟ್ಟು, ಏನು ತಾಕತ್ತಪ್ಪಾ ಅಂದರಂತೆ. ಅದು ತಾಕತ್ತಲ್ಲ ಆಯಿ, ಅದೇ ರೋಗ ಅಂದೆ. ಮತ್ತೆ ಮತ್ತೆ ಹೋಗುವುದು, ತಂಬಿಗೆಗಟ್ಟಲೆ ನೀರು ಕುಡಿಯುವುದು — ಎಲ್ಲ ನನ್ನ ಕಣ್ಣೆದುರೇ ನಡೆದಿತ್ತು. ನಾನೂ ಅದನ್ನು ಗಟ್ಟಿತನ ಅಂತ ಬರೆದುಕೊಂಡಿದ್ದೆ. ನಗು ಬಂತು, ನಗಲಾಗಲಿಲ್ಲ.

ಹಾಗಾದರೆ ಈ ಸಪ್ಪೆ ಚಹಾ ಯಾಕೆ? ನಿಮಗೆಲ್ಲ ಏನೂ ಇಲ್ಲ ಅಂತ ನಿಮಗೆ ಅವತ್ತೇ ಗೊತ್ತಿತ್ತಲ್ಲ ಅಂತ ಕೇಳಿದೆ.

"ಅವಂಗ ಒಬ್ಬಂವಗ ಐತಿ ಅಂದ್ರ ದವಾಖಾನಿ ಮೆಟ್ಟಲಾ ತುಳ್ಯಂಗಿಲ್ಲ ಅವ. ಎಲ್ಲಾರಿಗೂ ಐತಿ ಅಂದ್ರ ಎಲ್ಲಾರ ಜೋಡಿ ಸಾಲಾಗ ನಿಂತು ಗುಳಗಿ ನುಂಗತಾನ. ಅವಂಗ ಗೊತ್ತಿಲ್ಲ. ನೀ ಸುಮ್ನಿರು."

ಅಂದರೆ ಅವತ್ತು ಅಂಗಳದಲ್ಲಿ ಎಲ್ಲರೂ ಅವನ ಕಡೆ ನೋಡಿದ್ದು ಧೈರ್ಯಕ್ಕಲ್ಲ. ಇಡೀ ವಸ್ತಿ ಹಬ್ಬದ ದಿನ ಬೆಲ್ಲ ಬಿಟ್ಟು ಒಬ್ಬನಿಗಾಗಿ ರೋಗದ ವೇಷ ಹಾಕಿದೆ. ಬೈಯಬೇಕು ಅಂತ ಹೋದವಳು ಬೈಯಲೇ ಇಲ್ಲ. ಕಿಡ್ನಿ ನಿಮ್ಮ ನಾಟಕ ಮುಗಿಯುವವರೆಗೆ ಕಾಯುವುದಿಲ್ಲ ಆಯಿ ಅಂತ ಮಾತ್ರ ಹೇಳಿದೆ. ಬುಧವಾರ ಸೂಜಿಯವರನ್ನು ಇಲ್ಲಿಗೇ ಕರೆದುಕೊಂಡು ಬಾ, ಎಲ್ಲರೂ ರಕ್ತ ಕೊಡುತ್ತೇವೆ, ಅವನೂ ಕೊಡುತ್ತಾನೆ ಅಂದಳು.

ಜನವರಿ ೧೮, ಶನಿವಾರ

ಸರ್ ಕೊನೆಗೂ ಫೋನ್ ಎತ್ತಿದರು. ನಿನ್ನೆಯೇ ಸೆಮಿನಾರಿನಲ್ಲಿ ಹೇಳಿಬಿಟ್ಟಿದ್ದಾರೆ. ಚಪ್ಪಾಳೆ ಬಿತ್ತಂತೆ. ವೈದ್ಯಕೀಯದವರು ಮೊದಲ ಸಲ ಇದು ನಮ್ಮದೇ ವಿಷಯ ಅಂದರಂತೆ.

ಎಲ್ಲ ಒಬ್ಬನದು ಸರ್ ಅಂದೆ. ಲಿಮಿಟೇಶನ್ಸ್ ಚಾಪ್ಟರಿನಲ್ಲಿ ಒಂದು ಸಾಲು ಹಾಕಿದರೆ ಸಾಕಾಗಬಹುದೇನೋ ಅಂದರು. ಸಾಲಲ್ಲ ಸರ್, ಡೇಟಾವೇ ಇಲ್ಲ, ನಾನು ಎಲ್ಲರಿಗೂ ಬರೆದು ತಿಳಿಸುತ್ತೇನೆ ಅಂದೆ. ಮಾರ್ಚ್ ನೆನಪಿದೆಯಾ ಅಂದರು. ನೆನಪಿದೆ, ಆದರೆ ಆ ಮನುಷ್ಯನಿಗೆ ತುರ್ತಾಗಿ ಚಿಕಿತ್ಸೆ ಬೇಕು ಅಂದೆ. ಯಾವ ಮನುಷ್ಯ ಅಂತ ಕೇಳಿದರು.

ಫೋನ್ ಇಟ್ಟೆ. ಗೈಡ್ ಮಾತಾಡುವಾಗ ಫೋನ್ ಇಟ್ಟದ್ದು ಇದೇ ಮೊದಲು. ಸಂಜೆ ಕಮಿಟಿಗೆ ಮೇಲ್ ಹಾಕಿದೆ.

ಜನವರಿ ೨೦, ಸೋಮವಾರ

ಹೊಳೆಪ್ಪ ನಮ್ಮ ಮನೆಗೆ ಬಂದಿದ್ದ! ಬಾಗಿಲಲ್ಲಿ ಬಗ್ಗಿ ಒಳಗೆ ಬಂದ, ಅಷ್ಟು ಎತ್ತರ. ಏನೋ ಹೇಳಿದ. ಪವರ್‌ಲೂಮ್ ಸದ್ದಿಗೆ ಕೇಳಲಿಲ್ಲ. ಜೋರಾಗಿ ಹೇಳಿ ಅಂದೆ. ಜೋರಾಗಿ ಹೇಳುವ ಮಾತಲ್ಲ ಅಂತ ಕೈಸನ್ನೆ ಮಾಡಿದ. ಅವ್ವ ಎದ್ದು ಎರಡೂ ಲೂಮ್ ಬಂದ್ ಮಾಡಿದಳು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಆಕೆ ಬಂದ್ ಮಾಡಿದವಳಲ್ಲ.

"ಬಾಯಾರ, ಆ ಬಾಟಲಿ ಎಲ್ಲಾ ನಂದ. ನಾ ತುಂಬಿಸಿದ್ದ ಡಬ್ಬಿ ನೀವು ಬಾಟಲಿ ಒಯ್ದ ದಿನ ಬರಿದಾಗಿ ಬೇಲಿ ಮ್ಯಾಲ ಬಿದ್ದಿತ್ತು. ನೀವು ಸಕ್ಕರಿ ಅಂದ ದಿನಾನ ತಿಳೀತು. ಹೇಳಾಕ ಬಾಯಿ ಬರಲಿಲ್ಲ. ಈಗ ನನ್ನ ಸಲುವಾಗಿ ಹುಡುಗೂರು ಬೆಲ್ಲ ಬಿಟ್ಟಾವು."

ಗುಂಡುಕಲ್ಲು ಎತ್ತುವ ಕೈ ಅದು. ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದ. ಕಲ್ಲು ಎತ್ತದಿದ್ದರೆ ತಾನು ವಸ್ತಿಯಲ್ಲಿ ಯಾರು ಅಂತ ಕೇಳಿದ. ಆಸ್ಪತ್ರೆಗೆ ಬರುತ್ತೀರಾ ಅಂತ ಮಾತ್ರ ಕೇಳಿದೆ. ಮೊದಲು ಬುಧವಾರ ರಕ್ತ ಕೊಡುತ್ತೇನೆ, ಆಮೇಲೆ ನೋಡೋಣ ಅಂದ. ಏಳುವಾಗ ಇನ್ನೊಂದು ಮಾತು ಅಂದ.

"ನನಗ ಗೊತ್ತೈತಿ ಅಂತ ದೊಡ್ಡವ್ವಗ ಹೇಳಬ್ಯಾಡ್ರಿ. ಪಾಪ, ಭಾಳ ಕಷ್ಟಪಟ್ಟ ಸುಳ್ಳ ಹೇಳಾಕತ್ತಾಳ."

ಅವ್ವ ಅವನಿಗೆ ಚಹಾ ಕೊಟ್ಟಳು, ಕೇಳದೆಯೇ ಸಪ್ಪೆಯದು. ಅವನು ಹೋದ ಮೇಲೆ ಲೂಮ್ ಹಚ್ಚಲು ಸ್ವಲ್ಪ ತಡ ಮಾಡಿದಳು. ನಿನ್ನ ಬಾಟಲಿ ಎಷ್ಟು ಬೇಕಾದರೂ ಇಡು, ಕೆನೆ ಪಾತ್ರೆ ಪಕ್ಕದ ಮನೆಯವರ ಫ್ರಿಜ್ಜಿಗೆ ಕೊಡುತ್ತೇನೆ ಅಂದಳು.

ಜನವರಿ ೨೨, ಬುಧವಾರ

ಲ್ಯಾಬಿನವನು ಈ ಸಲ ತಾನೇ ಬಂದ. ನನ್ನ ಮೇಲೆ ನಂಬಿಕೆ ಇಲ್ಲ. ಪ್ರತಿಯೊಬ್ಬರ ಮುಖ, ಹೆಸರು, ತೋಳು ನೋಡಿ ನೋಡಿ ಚುಚ್ಚಿದ. ಮೊದಲು ನಿಂತವನು ಹೊಳೆಪ್ಪ. ಸೂಜಿ ಕಂಡದ್ದೇ ಮುಖ ತಿರುಗಿಸಿ ಕಣ್ಣು ಗಟ್ಟಿಯಾಗಿ ಮುಚ್ಚಿದ. ಹಿಂದಿನಿಂದ ಆಯಿ ಅವನ ಅಂಗಿ ಹಿಡಿದುಕೊಂಡಿದ್ದಳು. ಆಕೆಯ ಹಿಂದೆ ಇಡೀ ವಸ್ತಿ ತೋಳಿನ ಬಟ್ಟೆ ಮೇಲೇರಿಸಿ ನಿಂತಿತ್ತು, ಹೊಲದಿಂದ ಬಂದವರು ಮಣ್ಣುಗೈಯಲ್ಲೇ. ಬಾಟಲಿ ಹೊಸದಾಗಿ ಕೊಟ್ಟೆ. ತಮ್ಮ ತಮ್ಮದನ್ನೇ ತುಂಬಿಸಿದರು, ಬಯ್ದುಕೊಳ್ಳುತ್ತ.

ಅವನಿಗೆ ಗೊತ್ತಿಲ್ಲ ಅಂತ ಇವರು. ಇವರಿಗೆ ಗೊತ್ತಿಲ್ಲ ಅಂತ ಅವನು. ಎರಡೂ ಗೊತ್ತಿದ್ದು ನಡುವೆ ನಾನು. ಪಿಎಚ್‌ಡಿ ಇದಕ್ಕಿಂತ ಸುಲಭ.

ಜನವರಿ ೨೪, ಶುಕ್ರವಾರ. ಸಂಜೆ, ವಸ್ತಿ

ರಿಪೋರ್ಟ್ ತಗೊಂಡು ಬಂದೆ. ಮೂವತ್ತೈದು ಜನ ಸರಿ ಇದ್ದಾರೆ. ಹೊಳೆಪ್ಪನದು ಜಮಖಂಡಿಯ ಡಾಕ್ಟರಿಗೆ ತೋರಿಸಿದೆ. ಈಗ ಶುರು ಮಾಡಿದರೆ ಕಿಡ್ನಿ ಉಳಿಸಿಕೊಳ್ಳಬಹುದು, ಇನ್ನು ತಡ ಮಾಡಿದರೆ ನನ್ನನ್ನು ಕೇಳಬೇಡಿ ಅಂದರು. ನಾಳೆಯೇ ಬರಬೇಕು. ಕಲ್ಲು ಎತ್ತುವ ವಿಷಯ ಆರು ತಿಂಗಳು ಮಾತೇ ಬೇಡ.

ಎಲ್ಲರೂ ಅಂಗಳದಲ್ಲಿ ಕೂತರು. ಆಯಿ ಪಕ್ಕಕ್ಕೆ ಬಂದು, ಎಲ್ಲರಿಗೂ ಐತಿ ಅಂತಲೇ ಓದು ಅಂತ ಕಿವಿಯಲ್ಲಿ ಅಂದಳು. ಕಾಗದ ಬಿಚ್ಚಿದೆ. ಸುಳ್ಳು ಓದಲಾರೆ, ಖರೆ ಓದಿ ಆಕೆಯ ಇಷ್ಟು ದಿನದ ಕಷ್ಟವನ್ನು ಮುರಿಯಲಾರೆ. ಹಿಂದಿನಿಂದ ಹೊಳೆಪ್ಪ ಎದ್ದ.

"ಬಾಯಾರ, ನನಗೊಬ್ಬಂವಗ ಐತಿ ಅಂತ ಓದ್ರಿ. ನಾಳಿಗೆ ದವಾಖಾನಿಗೆ ಹೋಗ್ತೀನಿ. ಹುಡುಗೂರಿಗೆ ಬೆಲ್ಲ ಕೊಡ್ರಿ."

ನಿನಗೆ ಯಾರು ಹೇಳಿದರು ಅಂತ ಅವನನ್ನು ಕೇಳಿ ಆಯಿ ನನ್ನ ಕಡೆ ಕಣ್ಣು ಬಿಟ್ಟಳು. ನಾನಲ್ಲ ಅಂತ ಕೈ ಅಲ್ಲಾಡಿಸಿದೆ. ಹೊಳೆಪ್ಪನೇ ನಡುವೆ ಬಂದ.

"ನೀವೆಲ್ಲಾ ಚಾ ಕುಡ್ಯಾಗ ಮಾರಿ ಹೆಂಗ ಮಾಡ್ತೀರಿ ಅಂತ ನೋಡ್ಕೊಂಡೀರೇನ ದೊಡ್ಡವ್ವಾ? ಎಮ್ಮೀಗೂ ತಿಳೀತೈತಿ."

ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಆಯಿ ನಗಲಿಲ್ಲ. ಹೋಗಿ ಅವನ ತೋಳಿಗೆ ಎರಡು ಬಾರಿಸಿದಳು, ಮತ್ತೆ ಅದೇ ತೋಳು ಹಿಡಿದುಕೊಂಡು ಅತ್ತಳು. ಅಷ್ಟರಲ್ಲಿ ಮಕ್ಕಳು ಗಾಣದ ಕಡೆ ಓಡಿದ್ದವು.

ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸರ್ ಮೂರು ಸಲ ಫೋನ್ ಮಾಡಿದ್ದಾರೆ, ಎತ್ತಿಲ್ಲ. ನಾಳೆ ಆಸ್ಪತ್ರೆಗೆ ಟ್ರ್ಯಾಕ್ಟರ್ ಹೋಗುತ್ತದಂತೆ, ಟ್ರೇಲರಿನಲ್ಲಿ ಇಡೀ ವಸ್ತಿ. ಚಹಾ ಬಂತು. ಇನ್ನು ಸಕ್ಕರೆ ಹಾಕಿಕೊಳ್ಳಬಹುದು ಅಂತ ನಾನೇ ಹೇಳಿದೆ. ದೊಡ್ಡವರು ಯಾರೂ ಹಾಕಿಕೊಂಡಿಲ್ಲ. ಮುಖ ಕಿವುಚಿಕೊಂಡು ಹಾಗೇ ಕುಡಿಯುತ್ತಿದ್ದಾರೆ, ಅವನ ಎದುರಿಗೇ, ಮುಚ್ಚುಮರೆ ಇಲ್ಲದೆ. ಹೊಳೆಪ್ಪ ತಲೆ ತಗ್ಗಿಸಿ ತನ್ನದನ್ನು ಕುಡಿಯುತ್ತಿದ್ದಾನೆ. ಕಣ್ಣು ಒದ್ದೆ. ನನಗೆ ಮಾತ್ರ ಸಿಹಿ ತಂದಿದ್ದಾರೆ, ಹೊರಗಿನವಳು ಅಂತ. ಒಂದು ಗುಟುಕು ಕುಡಿದೆ. ಒಳಗೆ ಹೋಗಿ ಇದನ್ನು ಸಪ್ಪೆಯದಕ್ಕೆ ಬದಲಿಸಿಕೊಂಡು ಬರುತ್ತೇನೆ.